ಊರ ಶಾಲೆಯೋ ನವೋದಯವೋ? ನಮ್ಮ ಮನೆಯಲ್ಲಿ ಎರಡೂ ಆಗಿದೆ

ಬೇಲೂರು ಕಡೆಯ ಸರ್ಕಾರಿ ಶಾಲೆ, ಮಗಳು ಐದನೇ ಕ್ಲಾಸು, ಬಲು ಚುರುಕು, ಊರಲ್ಲೇ ಓದಿಸಲಾ ನವೋದಯಕ್ಕೆ (ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ಸೇರುವ ಕೇಂದ್ರ ಸರ್ಕಾರದ ಹಾಸ್ಟೆಲ್ ಶಾಲೆ) ಹಾಕಲಾ ಅಂತ ಕೇಳಿದ್ದೀರಿ. ನಮ್ಮೂರು ಆಲ್ದೂರಿನ ಹತ್ತಿರ. ಮಗಳು ಬಾಳೆಹೊನ್ನೂರು ಪಕ್ಕದ ಸೀಗೋಡಿನ ನವೋದಯದಲ್ಲಿ ಓದಿದಳು. ಮಗ ಪಾಸಾಗಿಯೂ ಊರಲ್ಲೇ ಉಳಿದ.

ಮೊದಲು ನವೋದಯದ ಪ್ರವೇಶ ಪರೀಕ್ಷೆ ಬರೆಸಿಬಿಡಿ. ಐದನೇ ಕ್ಲಾಸಿನಲ್ಲಿ ಒಂದೇ ಸಲ ಅವಕಾಶ. ಕನ್ನಡದಲ್ಲೇ ಬರೆಯಬಹುದು. 80 ಪ್ರಶ್ನೆ, ಎರಡು ಗಂಟೆ. ನೂರಕ್ಕೆ ಕನಿಷ್ಠ 75 ಭಾಗ ಸೀಟು ಹಳ್ಳಿ ಮಕ್ಕಳಿಗೆ. ಆದರೆ ಮೂರು, ನಾಲ್ಕು, ಐದನೇ ಕ್ಲಾಸು ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಿಮ್ಮ ಜಿಲ್ಲೆಯ ನವೋದಯ ಮಾವಿನಕೆರೆಯಲ್ಲಿದೆ. ಕೋಚಿಂಗಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಚಿತ್ರದ ಪ್ರಶ್ನೆಗಳನ್ನು ಉರು ಹೊಡೆಸುತ್ತಾರೆ, ಅಷ್ಟೇ.

ಮಗಳನ್ನು ಯಾಕೆ ಕಳಿಸಿದೆವು ಅಂದರೆ, ಇಲ್ಲಿ ಅವಳ ಲೆಕ್ಕ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಮೇಷ್ಟ್ರು ಮಿಕ್ಕ ಮಕ್ಕಳ ನೋಟ್ ಬುಕ್ ತಿದ್ದಲು ಕೊಡುತ್ತಿದ್ದರು. ಕೆಂಪು ಪೆನ್ನು ಸಿಕ್ಕಿತು ಅಂತ ಮೊದಮೊದಲು ಖುಷಿ. ಆರು ತಿಂಗಳಿಗೆ ಬೇಕೆಂದೇ ತಪ್ಪು ಲೆಕ್ಕ ಮಾಡತೊಡಗಿದಳು, ಗೆಳತಿಯರು ಮಾತು ಬಿಟ್ಟಿದ್ದರು. ನವೋದಯದಲ್ಲಿ ಮೊದಲ ಟೆಸ್ಟಿಗೇ ಇಪ್ಪತ್ತನೆಯವಳಾದಳು. ಎರಡು ದಿನ ಅತ್ತಳಂತೆ. ಆಮೇಲೆ ತಪ್ಪು ಮಾಡುವ ನಾಟಕ ನಿಂತಿತು.

ಸುಲಭವಂತೂ ಅಲ್ಲ. ತಗಡಿನ ಟ್ರಂಕು, ಬೀಗ, ಬಕೆಟ್ಟು ಹೊತ್ತುಕೊಂಡು ಬಿಟ್ಟು ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಒಂದಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ. ಇದನ್ನು ಈಗಲೇ ತಿಳಿದಿರಿ.

ಮಗನ ಕಥೆ ಬೇರೆ. ಅವನ ಕಾಲಕ್ಕೆ ಹೊಸ ಮೇಡಂ ಬಂದಿದ್ದರು. ಅವನ ಲೆಕ್ಕ ಮುಗಿದರೆ ಮುಂದಿನ ತರಗತಿಯ ಪುಸ್ತಕ ಕೊಟ್ಟು, 'ಇದನ್ನು ಇನ್ನೊಂದು ದಾರಿಯಲ್ಲಿ ಮಾಡು ನೋಡೋಣ' ಅನ್ನುತ್ತಿದ್ದರು. ಅಂಥವರಿದ್ದಾಗ ಎತ್ತಿಕೊಂಡು ಹೋಗಿ ಹಾಸ್ಟೆಲಿಗೆ ಯಾಕೆ ಹಾಕಬೇಕು? ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆ ಬರೆದ. ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಅದು ನವೋದಯದ ಮಕ್ಕಳಿಗಿಲ್ಲ, ಸರ್ಕಾರಿ, ಅನುದಾನಿತ ಶಾಲೆಯವರಿಗೆ. ಆದಾಯದ ಮಿತಿಯೂ ಇದೆ.

ಹಾಗಾಗಿ ನವೋದಯ ಒಳ್ಳೆಯದಾ ಅನ್ನುವುದಕ್ಕಿಂತ, ಮುಂದಿನ ವರ್ಷ ನಿಮ್ಮ ಮಗಳಿಗೆ ಗಣಿತ ಯಾರು ಮಾಡುತ್ತಾರೆ ಅಂತ ಶಾಲೆಗೇ ಹೋಗಿ ವಿಚಾರಿಸಿ. ಅವರಿಗೆ ವರ್ಗಾವಣೆ ಇದೆಯಾ ಅಂತಲೂ ಕೇಳಿ. ಸಂಕೋಚ ಬೇಡ.

ಇನ್ನೊಂದು. ರಜೆಯಲ್ಲಿ ನೀವಿಲ್ಲದೆ ಹದಿನೈದು ದಿನ ಅಜ್ಜಿ ಮನೆಯಲ್ಲಿ ಬಿಟ್ಟು ನೋಡಿ. ನಮ್ಮ ಮಗಳು ಫೋನ್ ಮಾಡಿದ್ದು ಒಂದೇ ಸಲ, ಕತೆ ಪುಸ್ತಕ ಕಳಿಸಿ ಅನ್ನಲಿಕ್ಕೆ. ಮಗ ಮೂರನೇ ದಿನ ಮಾವನ ಬೈಕ್ ಹತ್ತಿ ವಾಪಸ್ ಬಂದಿದ್ದ.