ಮಾನ್ಯತೆ ಇಲ್ಲದ ಸ್ವಯಮಾಡಳಿತ

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರಲ್ಲಿ ಕೆಲವು ಸಮುದಾಯಗಳಿಗೆ ಒಕ್ಕೂಟ ಸರ್ಕಾರದ ಮಾನ್ಯತೆಯೇ ಇಲ್ಲವಂತೆ. ಹಾಗಿದ್ದಾಗ ಅವರು ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳಲು ಸಾಧ್ಯವೇ?

ಉತ್ತರ: ಸಾಧ್ಯ. ಮಾನ್ಯತೆಗೂ ಸ್ವಯಮಾಡಳಿತಕ್ಕೂ ನಂಟಿದೆಯಾದರೂ ಅವೆರಡೂ ಒಂದೇ ಅಲ್ಲ. 1830ರ ಡ್ಯಾನ್ಸಿಂಗ್ ರ‍್ಯಾಬಿಟ್ ಕ್ರೀಕ್ ಒಪ್ಪಂದದ ಮೂಲಕ ಮಿಸಿಸಿಪ್ಪಿಯಲ್ಲಿ ಉಳಿದಿದ್ದ ನೆಲವನ್ನೂ ಚಾಕ್ಟಾ ಜನ ಬಿಟ್ಟುಕೊಡಬೇಕಾಯಿತು. ಪಶ್ಚಿಮಕ್ಕೆ ವಲಸೆ ಹೋಗಲೊಪ್ಪದವರು ಹೆಸರು ನೋಂದಾಯಿಸಿ ಜಮೀನು ಪಡೆಯಬಹುದೆಂದು ಅದರ 14ನೆಯ ವಿಧಿ ಹೇಳಿತ್ತು. ಆದರೆ ನೋಂದಣಿಯ ಹೊಣೆ ಹೊತ್ತಿದ್ದ ಸರ್ಕಾರಿ ಏಜೆಂಟ್ ವಿಲಿಯಂ ವಾರ್ಡ್ ಅನೇಕರ ಹೆಸರನ್ನು ಬರೆದುಕೊಳ್ಳಲೇ ಇಲ್ಲ. ಹೀಗೆ ಕಾಗದದ ಆಸರೆಯಿಲ್ಲದೆ ಉಳಿದವರ ಸಂತತಿ, ತಮ್ಮ ಭಾಷೆಯನ್ನೂ ನೆರೆಹೊರೆಯನ್ನೂ ಬಿಡದೆ ಬಾಳಿ, 1945ರಲ್ಲಿ ಮಿಸಿಸಿಪ್ಪಿ ಬ್ಯಾಂಡ್ (ಬ್ಯಾಂಡ್ ಎಂದರೆ ಬುಡಕಟ್ಟಿನ ಗುಂಪು) ಎಂಬ ಹೆಸರಿನಲ್ಲಿ ಒಕ್ಕೂಟದ ಮಾನ್ಯತೆ ಪಡೆಯಿತು. ಒಕ್ಕೂಟದ ಮೇಲ್ವಿಚಾರಣೆ ನಡುವೆ ಕಡಿದುಹೋಗಿತ್ತೆಂಬ ಕಾರಣಕ್ಕೆ ಇವರ ವಿಷಯದಲ್ಲಿ ಒಕ್ಕೂಟಕ್ಕಿರುವ ಅಧಿಕಾರ ಅಳಿಯುವುದಿಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪಿತ್ತಿತು. ಪಶ್ಚಿಮಕ್ಕೆ ಹೋದವರು ನೆಲೆಸಿದ ಒಕ್ಲಹೋಮದ ಕಥೆ ಇದಕ್ಕೆ ತಿರುಗುಮುರುಗು: ಅಲ್ಲಿ ಚಾಕ್ಟಾ ರಾಷ್ಟ್ರದ ಅಸ್ತಿತ್ವವನ್ನು ಒಪ್ಪುತ್ತಲೇ, ಅದರ ಮುಖ್ಯಸ್ಥರನ್ನು ನೇಮಿಸುವ ಅಧಿಕಾರವನ್ನು 1906ರ ಕಾಯ್ದೆ ಅಮೆರಿಕದ ಅಧ್ಯಕ್ಷರಿಗೆ ಕೊಟ್ಟಿತು, ಜನರೇ ಆರಿಸುವ ಹಕ್ಕನ್ನು ಕಾನೂನು ಮತ್ತೆ ಒಪ್ಪಿದ್ದು 1970ರಲ್ಲಿ.

ಅಲಬಾಮ ರಾಜ್ಯದ ಮೋವಾ ಬ್ಯಾಂಡ್ ಎಂಬ ಚಾಕ್ಟಾ ಸಮುದಾಯ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಮೊಬೀಲ್, ವಾಷಿಂಗ್ಟನ್ ಎಂಬ ಅಲ್ಲಿನ ಎರಡು ಕೌಂಟಿಗಳ (ಜಿಲ್ಲೆಗಳ) ಹೆಸರಿನ ಮೊದಲಕ್ಷರಗಳಿಂದ ಬಂದ ಹೆಸರಿದು. 1979ರಲ್ಲಿ ರಾಜ್ಯದ ಮಾನ್ಯತೆ ದೊರೆತರೂ, ಐತಿಹಾಸಿಕ ಬುಡಕಟ್ಟಿನಿಂದ ಬಂದವರೆಂಬುದಕ್ಕೆ ದಾಖಲೆ ಸಾಲದೆಂದು ಒಕ್ಕೂಟ ಸರ್ಕಾರ 1997ರಲ್ಲಿ ಇವರ ಅರ್ಜಿಯನ್ನು ತಳ್ಳಿಹಾಕಿತು. ಹೆಸರು ಬರೆದುಕೊಳ್ಳಬೇಕಾದ ಅಧಿಕಾರಿಯೇ ಬರೆದುಕೊಳ್ಳದ ಚರಿತ್ರೆಯಿರುವಾಗ, ದಾಖಲೆಯ ಕೊರತೆಯನ್ನು ಅರ್ಜಿದಾರರ ತಲೆಗೇ ಕಟ್ಟುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಮೋವಾ ಜನ ತಮ್ಮ ಮುಖ್ಯಸ್ಥರನ್ನೂ ಮಂಡಳಿಯನ್ನೂ ಹೊಂದಿದ್ದಾರೆ. ಯಾರು ತಮ್ಮವರೆಂಬುದನ್ನು ತಾವೇ ನಿರ್ಧರಿಸುತ್ತಾರೆ. ಆದರೆ ಅವರ ನೆಲಕ್ಕೆ ಒಕ್ಕೂಟದ ಟ್ರಸ್ಟ್ ರಕ್ಷಣೆಯಿಲ್ಲ (ಬುಡಕಟ್ಟಿನ ಪರವಾಗಿ ಒಕ್ಕೂಟ ಸರ್ಕಾರವೇ ನೆಲದ ಒಡೆತನ ವಹಿಸಿಕೊಂಡು ಕಾಯುವ ವ್ಯವಸ್ಥೆಯಿದು), ರಾಜ್ಯದ ಕಾನೂನೇ ಅಲ್ಲಿ ನಡೆಯುತ್ತದೆ. ಎಲ್ಲಕ್ಕಿಂತ ನೋವಿನ ಸಂಗತಿ ಮಕ್ಕಳದು: ಮೂಲನಿವಾಸಿ ಮಗುವೊಂದನ್ನು ಮನೆಯಿಂದ ಬೇರ್ಪಡಿಸುವ ಪ್ರಕರಣದಲ್ಲಿ ಅದರ ಬುಡಕಟ್ಟು ನ್ಯಾಯಾಲಯದ ಮುಂದೆ ನಿಂತು ಮಾತನಾಡಲು 1978ರ ಶಿಶುಕಲ್ಯಾಣ ಕಾಯ್ದೆ ಹಕ್ಕು ಕೊಡುತ್ತದೆ, ಆ ಕಾಯ್ದೆಯ ಹಕ್ಕು ಮೋವಾ ಮಂಡಳಿಗೆ ಇಲ್ಲ.