ತಾರೀಖು ಕೊಟ್ಟಿದ್ದಾರೆ, ಅಲ್ಲಿಯವರೆಗೆ?

(ಸರ್ಕಾರಿ ಆಸ್ಪತ್ರೆಯೊಂದರ ರೇಡಿಯೇಷನ್ ವಿಭಾಗದಲ್ಲಿ 27 ವರ್ಷ ನರ್ಸ್ ಆಗಿದ್ದವಳು ನಾನು. ಈ ಸಲದ ಎರಡೂ ಪತ್ರಗಳು ಕಾಯುವಂಥವಲ್ಲ. ಬರೆದವರಿಗೆ ಆಗಲೇ ಫೋನಿನಲ್ಲಿ ಉತ್ತರಿಸಿದ್ದೇನೆ, ಇಲ್ಲಿ ಉಳಿದವರಿಗಾಗಿ.)

ಪ್ರಶ್ನೆ: ಅವ್ವನಿಗೆ 58 ವರ್ಷ. ಕೆನ್ನೆಯ ಒಳಗಿನ ಕ್ಯಾನ್ಸರ್. ಆಪರೇಷನ್ ಆಗಿ 21 ದಿನವಾಯಿತು. ಇನ್ನು ‘ಕರೆಂಟ್’ (ರೇಡಿಯೇಷನ್) ಕೊಡಬೇಕಂತೆ. ಸರ್ಕಾರಿ ಆಸ್ಪತ್ರೆಯಲ್ಲಿ 26 ದಿನ ಬಿಟ್ಟು ಬನ್ನಿ ಎಂದಿದ್ದಾರೆ. ಅಷ್ಟರಲ್ಲಿ ಹರಡಿಬಿಟ್ಟರೆ? ಎರಡು ಎಕರೆ ಹೊಲವಿದೆ, ಮಾರಿ ಖಾಸಗಿಗೆ ಹೋಗೋಣವೇ? ಗೇಟಿನ ಬಳಿ ಒಬ್ಬ, ದುಡ್ಡು ಕೊಟ್ಟರೆ ಬೇಗ ತಾರೀಖು ಕೊಡಿಸುತ್ತೇನೆ ಎನ್ನುತ್ತಾನೆ. ಅವ್ವನಿಗೆ ಬಾಯಿಹುಣ್ಣು ಎಂದಷ್ಟೇ ಹೇಳಿದ್ದೇವೆ.
– ಮಗ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ಕೂಡುವ ಲೆಕ್ಕ. 21ಕ್ಕೆ 26 ಸೇರಿದರೆ 47. ಬಾಯಿ ಕ್ಯಾನ್ಸರಿನ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಆರು ವಾರದೊಳಗೆ, ಎಂದರೆ 42 ದಿನದೊಳಗೆ, ರೇಡಿಯೇಷನ್ ಶುರುವಾಗಬೇಕೆಂದು ವೈದ್ಯರು ನೋಡುತ್ತಾರೆ. ಒಂದೆರಡು ದಿನಕ್ಕೆ ಏನೂ ಕೆಡುವುದಿಲ್ಲ, ವಾರಗಳು ಜಾರಿದರೆ ಕೆಡುತ್ತದೆ. ಆದ್ದರಿಂದ ಕೌಂಟರಿನಲ್ಲಿ ಜಗಳವಾಡಬೇಡಿ. ಅಲ್ಲಿರುವವರಿಗೆ ತಾರೀಖು ಬರೆಯುವ ಅಧಿಕಾರವಿದೆ, ಬದಲಿಸುವ ಅಧಿಕಾರವಿಲ್ಲ. ರೇಡಿಯೇಷನ್ ವೈದ್ಯರ ಹೊರರೋಗಿ ದಿನ ಯಾವುದೆಂದು ತಿಳಿದು, ಡಿಸ್ಚಾರ್ಜ್ ಚೀಟಿಯನ್ನು ಮುಂದಿಟ್ಟು, “ಆಪರೇಷನ್ ಆದ ದಿನದಿಂದ 47 ದಿನವಾಗುತ್ತದೆ, ಇದಕ್ಕಿಂತ ಮುಂಚೆ ಆಗುತ್ತದೆಯೇ?” ಎಂದು ಕೇಳಿ. ಅಷ್ಟೇ ಮಾತು ಸಾಕು. ಅಲ್ಲಿ ಆಗದಿದ್ದರೆ ಹುಬ್ಬಳ್ಳಿಯಲ್ಲೋ, ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಯಲ್ಲೋ ಬೇಗ ಸಿಗುತ್ತದೆಯೇ ಎಂದು ವಿಚಾರಿಸಿ, ಅವರಿಂದಲೇ ಪತ್ರ ಬರೆಸಿಕೊಳ್ಳಿ.

ತಡವೇಕೆ ಎಂಬುದು ಗೊತ್ತಿದ್ದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಒಬ್ಬರಿಗೆ ಯಂತ್ರದ ಮೇಲೆ ಹತ್ತು ಹದಿನೈದು ನಿಮಿಷ. ಆದರೆ ಬಾಯಿಯ ರೋಗಿ ವಾರಕ್ಕೆ ಐದು ದಿನದಂತೆ ಮೂವತ್ತು ಸಲವಾದರೂ ಬರಬೇಕು. ಆರು ವಾರ ಇಳಿಯದ ಪ್ರಯಾಣಿಕರೇ ತುಂಬಿದ ಬಸ್ಸು ಅದು. ಯಾರಾದರೂ ಇಳಿದರೆ ಮಾತ್ರ ಸೀಟು. ಹಾಗೆ ಸೋಮವಾರ ಬೆಳಿಗ್ಗೆ ಅಚಾನಕ್ಕಾಗಿ ಖಾಲಿಯಾದ ಜಾಗಕ್ಕೆ ನಾನೇ ಎಷ್ಟೋ ಮನೆಗಳಿಗೆ ಫೋನ್ ಮಾಡಿದ್ದೇನೆ. ಅರ್ಧಕ್ಕರ್ಧ ನಂಬರುಗಳು ಸತ್ತಿರುತ್ತಿದ್ದವು! ಫೈಲಿನಲ್ಲಿ ನಿಮ್ಮದೂ ಪಕ್ಕದ ಮನೆಯವರದೂ, ಎರಡು ನಂಬರು ಬರೆಸಿ. “ಒಂದು ದಿನ ಮುಂಚೆ ಹೇಳಿದರೂ ಬರುತ್ತೇವೆ” ಎಂದೂ ಬರೆಸಿ. ಗೇಟಿನವನನ್ನು ಮರೆತುಬಿಡಿ. ಅವನ ಕೈಯಲ್ಲಿ ಯಂತ್ರವಿಲ್ಲ.

ಹೊಲ ಮಾರಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಇದ್ದರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೂ ದಾರಿಯಿದೆ. ಅವ್ವನಿಗೂ ನಿಮ್ಮ ಮನೆಯಾಕೆಗೂ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ರೈಲಾದರೆ ಆಸ್ಪತ್ರೆಯಿಂದ ರಿಯಾಯಿತಿ ಫಾರಂಗೆ ಸಹಿ ಹಾಕಿಸಿ: ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ, ಜೊತೆಗಿರುವವರಿಗೆ ಮುಕ್ಕಾಲು ಭಾಗ ಬಿಡುತ್ತಾರೆ.

ಇನ್ನು ಆ ದಿನಗಳನ್ನು ಏನು ಮಾಡಬೇಕು? ನಾಳೆಯೇ ಹಲ್ಲಿನ ವೈದ್ಯರ ಬಳಿ ಹೋಗಿ. ಉಳಿಸಲಾಗದ ಹುಳುಕು ಹಲ್ಲನ್ನು ರೇಡಿಯೇಷನ್‌ಗೆ ಎರಡು ವಾರ ಮುಂಚೆಯೇ ಕೀಳಿಸಿಬಿಡಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯುವುದು ಕಷ್ಟ. ಇದನ್ನು ಕೊನೆಯ ವಾರದಲ್ಲಿ ಹೇಳಿಸಿಕೊಂಡು, ಮತ್ತೆ ತಾರೀಖು ಮುಂದೂಡಿಸಿಕೊಂಡು ಕಾರಿಡಾರಿನಲ್ಲಿ ಅತ್ತವರನ್ನು ಕಂಡಿದ್ದೇನೆ. ಬಾಯಿ ಬಿಗಿದುಕೊಳ್ಳದಂತೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟು ತೆರೆಯುವ ವ್ಯಾಯಾಮವಿದೆ. ಹೊಲಿಗೆ ಮಾಯಿದೆಯೇ ಎಂದು ಕೇಳಿಕೊಂಡೇ ಶುರು ಮಾಡಿ, ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚಿಸಿ. ಗಂಜಿಗೆ ಹಾಲು, ತುಪ್ಪ, ಬೇಯಿಸಿ ಮಸೆದ ಮೊಟ್ಟೆ ಸೇರಿಸಿ. ವಾರಕ್ಕೊಮ್ಮೆ ತೂಕ ಬರೆದಿಡಿ, ಏಕೆಂದರೆ ರೇಡಿಯೇಷನ್ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಅಳತೆ ತೆಗೆದು ಮಾಡುವ ಮಾಸ್ಕ್, ಆಮೇಲೆ ತೂಕ ಇಳಿದರೆ ಸಡಿಲವಾಗಿ ಮತ್ತೆ ಮಾಡಬೇಕಾಗುತ್ತದೆ. ಕಡ್ಡಿಪುಡಿಯ ಡಬ್ಬಿಯನ್ನು ನೀವೇ ತೆಗೆದು ಬಿಸಾಡಿ. ಅವ್ವ ಬೈಯುತ್ತಾರೆ, ಬೈಯಲಿ.

ಬಾಯಿಹುಣ್ಣಿಗೆ ಅರ್ಧ ಕೆನ್ನೆ ತೆಗೆಯುವುದಿಲ್ಲ ಎಂಬುದು ನಿಮ್ಮ ಅವ್ವನಿಗೆ ಗೊತ್ತಿರದೇ ಇರುತ್ತದೆಯೇ? ನಿಮಗೆ ನೋವಾಗಬಾರದೆಂದು ಸುಮ್ಮನಿದ್ದಾರೆ. ಒಂದು ಸಂಜೆ ಪಕ್ಕದಲ್ಲಿ ಕೂತು ಹೇಳಿಬಿಡಿ. ‘ಕರೆಂಟ್’ ಎಂದರೆ ಶಾಕ್ ಹೊಡೆಯುವುದಲ್ಲ, ಎಕ್ಸ್‌ರೇಯಂತೆ ಸುಮ್ಮನೆ ಮಲಗುವುದು ಎಂದೂ ಹೇಳಿ.

ಪ್ರಶ್ನೆ: ಯಜಮಾನರಿಗೆ ಕೀಮೋ ಆಗಿ ಹತ್ತು ದಿನ. ನಿನ್ನೆ ರಾತ್ರಿಯಿಂದ 101 ಡಿಗ್ರಿ ಜ್ವರ. ಮುಂದಿನ ತಾರೀಖಿಗೆ ಇನ್ನೂ ಹನ್ನೊಂದು ದಿನವಿದೆ. ಅಲ್ಲಿಯವರೆಗೆ ಜ್ವರದ ಮಾತ್ರೆ ಕೊಡುತ್ತಾ ಕಾಯಬಹುದೇ?
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಒಂದು ಗಂಟೆಯೂ ಬೇಡ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ, ಆಗ 100.4 ದಾಟಿದ ಜ್ವರ ತುರ್ತು ಪರಿಸ್ಥಿತಿಯೇ. ಮಾತ್ರೆಯಿಂದ ಜ್ವರ ಮರೆಯಾಗುತ್ತದೆ, ಸೋಂಕು ಮರೆಯಾಗುವುದಿಲ್ಲ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಬಾಗಿಲಲ್ಲೇ ಮೊದಲ ಮಾತಾಗಿ “ಕೀಮೋ ಆಗಿ ಹತ್ತು ದಿನ, ಜ್ವರ” ಎನ್ನಿ. ಹೀಗೆಂದರೆ ಅಲ್ಲಿ ಸರದಿ ಕಾಯಿಸುವುದಿಲ್ಲ.

ಆಕೆ ಫೋನ್ ಇಟ್ಟ ಕೂಡಲೇ ಪಕ್ಕದ ಮನೆಯವರ ಆಟೋದಲ್ಲಿ ಹೊರಟರಂತೆ. ಯಜಮಾನರು ನಾಲ್ಕು ದಿನ ವಾರ್ಡಿನಲ್ಲಿದ್ದು ಮನೆಗೆ ಬಂದಿದ್ದಾರೆ. ಮುಂದಿನ ಕೀಮೋ ಒಂದು ವಾರ ಮುಂದೆ ಹೋಗಿದೆ, ಅದಕ್ಕೆ ಮತ್ತೆ ಕಂಗಾಲಾಗಿ ಫೋನ್ ಮಾಡಿದ್ದರು. ಈ ಕಾಯುವಿಕೆ ಯಂತ್ರಕ್ಕಾಗಿ ಅಲ್ಲ, ಅವರ ರಕ್ತಕ್ಕಾಗಿ. ಕಣಗಳ ಎಣಿಕೆ ಏರಲಿ, ಆಮೇಲೆ ಕೊಡುತ್ತಾರೆ ಎಂದೆ.