ಸ್ಟ್ಯಾನ್ಲಿ ಮ್ಯಾಥ್ಯೂಸ್ ಪಂದ್ಯಗಳ ಲೆಕ್ಕ ತಾಳೆಯಾಗದಿರುವ ಬಗ್ಗೆ

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರ ಪಂದ್ಯಗಳ ಎರಡು ಪಟ್ಟಿಗಳು ಏಕೆ ತಾಳೆಯಾಗುತ್ತಿಲ್ಲ ಎಂದು ಕೇಳಿದ್ದೀರಿ. ಇಂಗ್ಲೆಂಡ್ ಪರ ಅವರು ಆಡಿದ ಪಂದ್ಯಗಳು ಒಂದು ಪಟ್ಟಿಯಲ್ಲಿ 54, ಇನ್ನೊಂದರಲ್ಲಿ 80ಕ್ಕೂ ಹೆಚ್ಚು ಎಂದಿರುವುದಕ್ಕೆ ಬಹುಮಟ್ಟಿಗೆ ಅಧಿಕೃತ ಲೆಕ್ಕಕ್ಕೆ ಸೇರದ ಎರಡನೇ ಮಹಾಯುದ್ಧಕಾಲದ ಪಂದ್ಯಗಳೇ ಕಾರಣ. ನಿಮ್ಮ ಎರಡನೆಯ ಪಟ್ಟಿಯನ್ನು ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾಗದು. ಮೊದಲು 1939ರ ಸೆಪ್ಟೆಂಬರ್‌ನಿಂದ 1946ರ ಬೇಸಿಗೆಯವರೆಗಿನ ಅಂತರರಾಷ್ಟ್ರೀಯ ಪಂದ್ಯಗಳನ್ನೆಲ್ಲ, ಯುದ್ಧ ಮುಗಿದ ಮೇಲಿನ ‘ವಿಕ್ಟರಿ’ ಪಂದ್ಯಗಳನ್ನೂ ಸೇರಿಸಿ, ಬೇರೆ ಕಾಲಮ್ಮಿಗೆ ಹಾಕಿ. ಉಳಿಯುವುದು 54 ಆಗಬೇಕು. ಅನಂತರ ಕ್ಲಬ್ ಲೆಕ್ಕಕ್ಕೆ ಬನ್ನಿ. 1939-40ರ ಲೀಗ್ ಆರಂಭದಲ್ಲೇ ನಿಂತುಹೋಗಿ, ಆಡಿದ್ದ ಕೆಲವೇ ಪಂದ್ಯಗಳೂ ದಾಖಲೆಯಿಂದ ರದ್ದಾದವು. ವಾಯುಪಡೆಯಲ್ಲಿದ್ದಾಗ ಅವರು ಬ್ಲ್ಯಾಕ್‌ಪೂಲ್ ಕ್ಲಬ್ಬಿಗೆ ಅತಿಥಿ ಆಟಗಾರರಾಗಿ ಆಡಿದ್ದನ್ನು ಸೇರಿಸಬೇಡಿ. ಆ ಕ್ಲಬ್ಬಿನ ಅಧಿಕೃತ ಎಣಿಕೆ 1947ರಲ್ಲಿ ಅವರು ಸ್ಟೋಕ್ ಕ್ಲಬ್ಬಿನಿಂದ ಅಲ್ಲಿಗೆ ವರ್ಗಾವಣೆಯಾದ ನಂತರದ್ದು. ಆದರೆ 1945-46ರ ಎಫ್‌ಎ ಕಪ್ (ಇಂಗ್ಲೆಂಡಿನ ಕ್ಲಬ್‌ಗಳ ನಾಕೌಟ್ ಪಂದ್ಯಾವಳಿ) ಅಧಿಕೃತವಾದ್ದರಿಂದ, ಅದರಲ್ಲಿ ಸ್ಟೋಕ್ ಪರ ಆಡಿದ ಪಂದ್ಯಗಳನ್ನು ಉಳಿಸಿಕೊಳ್ಳಿ.